ಮಿಲ್ಟ್ರಿ ಮನೆಯ ಕಾಲು ತಪಾಸಣೆ

ನಮ್ಮಪ್ಪನ ಕಾಲಿಗೆ ಬಿದ್ದವರು ಊರ ತುಂಬಾ ಇದ್ದಾರೆ. ಆದರೆ ಅವರೆಲ್ಲ ನಮಸ್ಕಾರ ಮಾಡಿದ್ದು ಸಾಕ್ಸಿಗೆ. ಹಬ್ಬವಿರಲಿ, ನಾಮಕರಣವಿರಲಿ, ಭದ್ರಾವತಿಯ ಏಪ್ರಿಲ್ ಬಿಸಿಲಿಗೆ ಬೀದಿನಾಯಿಗಳೂ ನೆರಳು ಬಿಟ್ಟು ಏಳದ ದಿನವಿರಲಿ, ಅಪ್ಪನ ಕಾಲಲ್ಲಿ ಕಡುಹಸಿರು ಬಣ್ಣದ ಉಣ್ಣೆಯ ಸಾಕ್ಸ್ ಇದ್ದೇ ಇರುತ್ತಿತ್ತು. ದೇವಸ್ಥಾನಕ್ಕೆ ಹೋದರೆ ಒಳಗೆ ಬರದೆ ಹೊರಗೇ ನಿಂತು ಎಲ್ಲರ ಚಪ್ಪಲಿ ಕಾಯುತ್ತಿದ್ದ. ಮಿಲ್ಟ್ರಿಯವರಿಗೆ ಎಷ್ಟು ವಿನಯ ನೋಡಿ ಎಂದು ಜನ ಹೊಗಳುತ್ತಿದ್ದರು. ವಿನಯವೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಹೋದರೆ ಕಾಲು ತೊಳೆಯಬೇಕು, ತೊಳೆಯಬೇಕಾದರೆ ಸಾಕ್ಸ್ ಬಿಚ್ಚಬೇಕು, ಅದಕ್ಕೆ.

ಆ ಸಾಕ್ಸಿನೊಳಗೆ ಏನಿದೆ ಎನ್ನುವುದು ನನಗೂ ನನ್ನ ತಮ್ಮನಿಗೂ ಬಾಲ್ಯದ ದೊಡ್ಡ ತಮಾಷೆಯಾಗಿತ್ತು. ಅದನ್ನು ಬಿಚ್ಚಿಸದೇ ಹೋದರೆ ಪಾದವೇ ಉಳಿಯುವುದಿಲ್ಲ ಎಂದು ಶಿವಮೊಗ್ಗದ ಡಾಕ್ಟರೊಬ್ಬರು ಹೇಳಿದ ದಿನ ತಮಾಷೆ ಮುಗಿಯಿತು. ಆ ದಿನಕ್ಕೆ ಬರುವ ಮೊದಲು ಅಪ್ಪ ಎಂಥವನು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಅವನನ್ನು ಬರೀ ಹಟಮಾರಿ ಎಂದುಕೊಳ್ಳುತ್ತೀರಿ. ಹಟಮಾರಿ ಹೌದು. ಆದರೆ ಬರೀ ಅಷ್ಟೇ ಅಲ್ಲ.

ಅಪ್ಪ ಸೈನ್ಯದಲ್ಲಿ ಹೇಸರಗತ್ತೆ ನೋಡಿಕೊಳ್ಳುತ್ತಿದ್ದ. ಲಾರಿ ಹೋಗದ, ಮನುಷ್ಯ ಹೋದರೂ ಏದುಸಿರು ಬಿಡುವ ಹಿಮದ ಬೆಟ್ಟಗಳಿಗೆ ಗೋಧಿಹಿಟ್ಟು, ಸೀಮೆಎಣ್ಣೆ, ಆಲೂಗಡ್ಡೆ ಹೊರುವ ಕೆಲಸ ಅವುಗಳದು. ಅವುಗಳ ಜೊತೆ ನಡೆಯುವ ಕೆಲಸ ಅಪ್ಪನದು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಿವೃತ್ತನಾಗಿ ಬಂದ. ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಸೇರಿದ. ಓಲ್ಡ್ ಟೌನಿನ ನಮ್ಮ ವಠಾರಕ್ಕೆ ಅಂದಿನಿಂದ ನಮ್ಮದು ಮಿಲ್ಟ್ರಿ ಮನೆ.

ವಠಾರದ ಗಂಡಸರು ಸಂಜೆ ಹೊತ್ತು ಅಪ್ಪನ ಸುತ್ತ ಕೂತು, "ಸಾರ್, ಎಷ್ಟು ಜನರನ್ನ ಹೊಡೆದ್ರಿ?" ಎಂದು ಕೇಳುತ್ತಿದ್ದರು.

"ಹೊಡೆಯೋಕೆ ಹೋಗಿದ್ದಲ್ಲ ಮಾರಾಯ. ಒದೆಸ್ಕೊಳ್ಳೋಕೆ ಹೋಗಿದ್ದು" ಎಂದು ಅಪ್ಪ ಪ್ಯಾಂಟು ಮೊಣಕಾಲಿನವರೆಗೆ ಏರಿಸಿ, ಹೇಸರಗತ್ತೆ ಒದ್ದ ಗುರುತು ತೋರಿಸುತ್ತಿದ್ದ. ಮೊಣಕಾಲಿನಿಂದ ಸಾಕ್ಸಿನ ಅಂಚಿನವರೆಗೆ ಇತಿಹಾಸ ಪೂರ್ತಿ ಇರುತ್ತಿತ್ತು. ಅಲ್ಲಿಂದ ಕೆಳಗೆ ಪ್ರವೇಶವಿರಲಿಲ್ಲ.

ತನ್ನ ಕಾಲನ್ನು ಹೀಗೆ ಮುಚ್ಚಿಟ್ಟ ಮನುಷ್ಯ ಬೇರೆಯವರ ಕಾಲನ್ನು ಮಾತ್ರ ಬಿಡುತ್ತಿರಲಿಲ್ಲ. ದಿನಾ ಸಂಜೆ ನಾನೂ ತಮ್ಮನೂ ಆಟ ಮುಗಿಸಿ ಬಂದರೆ ಹೊಸ್ತಿಲು ದಾಟುವ ಮೊದಲು ತಪಾಸಣೆ. ಹಿಮ್ಮಡಿ, ಅಂಗಾಲು, ಉಗುರು, ಕೊನೆಗೆ ಬೆರಳುಗಳ ಸಂದಿ. ಸಂದಿಯಲ್ಲಿ ತೇವವಿದ್ದರೆ ಫೇಲು, ಒರೆಸಿಕೊಂಡು ಮತ್ತೆ ಸಾಲಿಗೆ ಬರಬೇಕು. ಎಲ್ಲ ಸರಿಯಿದ್ದರೆ ಅಪ್ಪ ಬೆನ್ನಿಗೊಂದು ಪೆಟ್ಟು ಕೊಟ್ಟು, "ಪಾಸು. ಊಟಕ್ಕೆ ನಡಿ" ಎನ್ನುತ್ತಿದ್ದ. ಪಾಸಾದವರಿಗೆ ಮೊದಲು ಊಟ. ನಾವು ಉಂಡು ಕೈ ತೊಳೆದ ಮೇಲೆ ಅಪ್ಪ ತಟ್ಟೆಗೆ ಕೂರುತ್ತಿದ್ದ. ಎಷ್ಟೇ ಹಸಿದು ಬಂದಿರಲಿ, ಡ್ಯೂಟಿ ಎಷ್ಟೇ ತಡವಾಗಿರಲಿ, ಈ ಕ್ರಮ ತಪ್ಪಿದ್ದು ನಾನು ನೋಡಿಲ್ಲ. ಬೆಟ್ಟದಲ್ಲಿ ಅದೇ ರೂಲಂತೆ. ಪ್ರಾಣಿಯ ಕಾಲು ನೋಡಿ, ಅದಕ್ಕೆ ಮೇವು ಹಾಕಿ, ಅದು ತಿಂದ ಮೇಲೆ ಮನುಷ್ಯನ ಊಟ.

"ನನ್ನ ಮಕ್ಕಳೇನು ಕತ್ತೆಗಳೇನ್ರೀ?" ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು.

"ಕತ್ತೆ ಅಲ್ಲ ಮಾರಾಯ್ತಿ, ಹೇಸರಗತ್ತೆ. ಅದಕ್ಕೆ ಬುದ್ಧಿ ಜಾಸ್ತಿ. ಇವಕ್ಕೆ ಅಷ್ಟಿಲ್ಲ, ಆದ್ರೂ ಪರವಾಗಿಲ್ಲ" ಎನ್ನುತ್ತಿದ್ದ ಅಪ್ಪ.

ತಪಾಸಣೆಗೆ ಒಂದು ವಿದ್ಯೆಯಿತ್ತು. ಅದನ್ನು ಅಪ್ಪ ನಮಗೆ ಶ್ರದ್ಧೆಯಿಂದ ಕಲಿಸಿದ್ದ, ಯಾವತ್ತಾದರೂ ಕೆಲಸಕ್ಕೆ ಬರುತ್ತದೆ ಎಂದು. ಓಲ್ಡ್ ಟೌನಿನಲ್ಲಿ ಹೇಸರಗತ್ತೆ ಎಲ್ಲಿಂದ ಬರಬೇಕು ಎಂದು ನಾವು ಕೇಳಲಿಲ್ಲ. ಹೇಸರಗತ್ತೆಯ ಕಾಲನ್ನು ಎಳೆದು ಎತ್ತಬಾರದು. ಎಳೆದರೆ ಒದೆಯುತ್ತದೆ. ಮೊದಲು ಮೆಲ್ಲನೆ ಮಾತಾಡಿಸುತ್ತಾ ಪಕ್ಕಕ್ಕೆ ಬಂದು ನಿಲ್ಲಬೇಕು. ನಮ್ಮ ಭುಜವನ್ನು ಅದರ ಭುಜಕ್ಕೆ ಒರಗಿಸಬೇಕು. ಆಗ ಅದು ಭಾರವನ್ನು ಆಚೆ ಕಾಲಿಗೆ ಹಾಕುತ್ತದೆ. ಆಮೇಲೆ ಅಂಗೈಯನ್ನು ಕಾಲಿನ ಹಿಂದೆ ಮೇಲಿನಿಂದ ಕೆಳಕ್ಕೆ ಜಾರಿಸುತ್ತಾ ಬಂದು, ಗೊರಸಿನ ಮೇಲಿನ ನರವನ್ನು ಚೂರು ಒತ್ತಬೇಕು, ಅಷ್ಟೆ. "ಕಾಲನ್ನ ನಾವು ಎತ್ತೋದಲ್ಲ. ಅದು ಕೊಡುತ್ತೆ" ಎನ್ನುತ್ತಿದ್ದ. ನಮ್ಮ ಮೇಲೂ ಅದನ್ನೇ ಪ್ರಯೋಗಿಸುತ್ತಿದ್ದ. ಭುಜ ಒರಗಿಸಿ, "ಹೋ ಬೇಟಾ, ಹೋ" ಎಂದು ಗುನುಗುತ್ತಾ ಕೈ ಜಾರಿಸಿದರೆ ನನ್ನ ಕಾಲು ನನ್ನ ಅಪ್ಪಣೆಗೂ ಕಾಯದೆ ಅಪ್ಪನ ಕೈಗೆ ಹೋಗಿರುತ್ತಿತ್ತು.

ಚಪ್ಪಲಿ ಅಂಗಡಿಯಲ್ಲಿ ನಮ್ಮನ್ನು ಕಂಡರೆ ಮುದುಕ ಸಾಬರು ಉಸ್ಸಪ್ಪಾ ಎಂದು ಸ್ಟೂಲಿನ ಮೇಲೆ ಕುಸಿಯುತ್ತಿದ್ದರು. ಅಪ್ಪ ಹೊಸ ಬೂಟು ಹಾಕಿಸಿ ನಮ್ಮನ್ನು ಮೊದಲು ನಡೆಸುತ್ತಿದ್ದ, ಆಮೇಲೆ ಓಡಿಸುತ್ತಿದ್ದ, ಆಮೇಲೆ ಪುಸ್ತಕದ ಚೀಲ ಹೊರಿಸಿ ಓಡಿಸುತ್ತಿದ್ದ.

"ಮಿಲ್ಟ್ರಿ ಸಾಬ್, ಬಚ್ಚಿ ಕಾಲು ಇದು, ಘೋಡಾ ಕಾಲಲ್ಲ" ಎಂದರು ಒಮ್ಮೆ ಸಾಬರು.

"ಘೋಡಾ ಆಗಿದ್ರೆ ಇಷ್ಟು ಚಿಂತೆ ಇರ್ತಿರ್ಲಿಲ್ಲ ಸಾಬ್ರೆ, ಲಾಳ ಹೊಡೆಸ್ತಿದ್ದೆ" ಎಂದ ಅಪ್ಪ.

ಸಕ್ರೆಬೈಲಿನ ಆನೆ ಕ್ಯಾಂಪಿಗೆ ಹೋದಾಗಲೂ ಅದೇ ಕತೆ. ಎಲ್ಲರೂ ನೀರಿಗಿಳಿದ ಮರಿಯಾನೆಯನ್ನು ನೋಡಿ ಚಪ್ಪಾಳೆ ಹೊಡೆಯುತ್ತಿದ್ದರೆ, ಅಪ್ಪ ಒಂದು ದೊಡ್ಡ ಆನೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಅದರ ಉಗುರು ನೋಡುತ್ತಿದ್ದ. ಮಾವುತ ಬೈಯಲು ಬಂದವನು, ಅಪ್ಪ ಕೇಳಿದ ಪ್ರಶ್ನೆ ಕೇಳಿ ತಾನೂ ಪಕ್ಕದಲ್ಲಿ ಕೂತ. ಇಬ್ಬರೂ ಉಗುರಿನ ಬಿರುಕಿಗೆ ಯಾವ ಎಣ್ಣೆ ಒಳ್ಳೆಯದು ಎಂದು ಚರ್ಚಿಸುತ್ತಾ ನಮ್ಮನ್ನೆಲ್ಲ ಮರೆತುಬಿಟ್ಟರು. ಕೊನೆಗೆ ಅವನು, "ನೀವು ಯಾವ ಕ್ಯಾಂಪಿನವ್ರಣ್ಣ?" ಎಂದು ಕೇಳಿದ. ಅಪ್ಪನಿಗೆ ಸೈನ್ಯದಲ್ಲಿ ಸಿಕ್ಕ ಪದಕಗಳು ಅಮ್ಮನ ಸೀರೆಗಳ ಅಡಿಯಲ್ಲಿ ಎಲ್ಲೋ ಬಿದ್ದಿದ್ದವು. ಈ ಪ್ರಶ್ನೆಯನ್ನು ಮಾತ್ರ ಬಂದ ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದ.

ನಾವೂ ಸುಮ್ಮನಿದ್ದ ಮಕ್ಕಳಲ್ಲ. ಸಾಕ್ಸ್ ಬಿಚ್ಚಿಸಲು ಪಡಬಾರದ ಪಾಡೆಲ್ಲ ಪಟ್ಟಿದ್ದೇವೆ. ತಮ್ಮ ಬೇಕೆಂದೇ ಚೊಂಬು ಉರುಳಿಸಿ ಅಪ್ಪನ ಕಾಲು ಒದ್ದೆ ಮಾಡಿದ. ಅಪ್ಪ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಬೇರೆ ಸಾಕ್ಸ್ ಹಾಕಿಕೊಂಡು ಬಂದ. ಅವನು ಮಲಗಿದ್ದಾಗ ನಾನು ಮೆಲ್ಲಗೆ ಅಂಚು ಹಿಡಿದೆ. ಕಣ್ಣು ತೆರೆಯದೆಯೇ, "ಒದೀತೀನಿ ನೋಡು" ಎಂದ. ಒಳಗೇನಿದೆ ಎಂದು ಕೇಳಿದರೆ ನನಗೆ ಒಂದು ಉತ್ತರ, ತಮ್ಮನಿಗೆ ಇನ್ನೊಂದು. ನನ್ನ ಹತ್ತಿರ, ಗುಟ್ಟಿನ ನಕ್ಷೆಯೊಂದನ್ನು ಸರ್ಕಾರ ಅಂಗಾಲಿನ ಮೇಲೆ ಹಚ್ಚೆ ಹಾಕಿಸಿದೆ ಎಂದಿದ್ದ. ತಮ್ಮನ ಹತ್ತಿರ, ಹಿಮಕರಡಿ ನೆಕ್ಕಿದ ಜಾಗದಲ್ಲಿ ಕೂದಲು ಬೆಳೆದಿದೆ ಎಂದಿದ್ದ. ಅಮ್ಮನನ್ನು ಕೇಳಿದರೆ, "ನಿಮ್ಮಪ್ಪನ ಕಾಲು, ನಿಮ್ಮಪ್ಪನ ಸಾಕ್ಸು, ನನ್ನ ತಲೆ ತಿನ್ಬೇಡಿ" ಎಂದು ಒಗ್ಗರಣೆ ಕಡೆ ತಿರುಗುತ್ತಿದ್ದಳು.

ಇನ್ನು ನನ್ನ ಮದುವೆ. ಹುಡುಗ ಶಿವಮೊಗ್ಗದವನು, ಕಾಲೇಜಿನಲ್ಲಿ ಲೆಕ್ಕ ಕಲಿಸುವವನು. ಭದ್ರಾವತಿಯಲ್ಲೇ ಮಂಟಪ. ಧಾರೆಗೆ ಮುಂಚೆ ಹೆಣ್ಣಿನ ತಂದೆ ವರನ ಪಾದ ತೊಳೆಯಬೇಕಲ್ಲ, ಆ ಶಾಸ್ತ್ರ ನಮ್ಮಪ್ಪನ ಕೈಗೆ ಸಿಕ್ಕಿತು. ಹಸಿದವನ ಮುಂದೆ ಹೋಳಿಗೆ ಇಟ್ಟ ಹಾಗೆ. ನಾನು ಒಳಗಿನ ಕೋಣೆಯಲ್ಲಿ ಹೂವಿನ ಭಾರಕ್ಕೆ ಕತ್ತು ಬಗ್ಗಿಸಿ ಕೂತಿದ್ದೆ, ಏನೂ ಕಾಣುತ್ತಿರಲಿಲ್ಲ. ಆದರೆ ಪುರೋಹಿತರ ಕೊರಳಿಗೆ ಮೈಕು ಸಿಕ್ಕಿಸಿದ್ದರು. ಮಂತ್ರದ ಮಧ್ಯೆ ಇದ್ದಕ್ಕಿದ್ದಂತೆ ಮಂಟಪದ ಎಲ್ಲ ಸ್ಪೀಕರುಗಳಲ್ಲಿ "ಹೋ ಬೇಟಾ, ಹೋ" ಎಂದು ಕೇಳಿಸಿತು.

ಆಮೇಲೆ ತಮ್ಮ ಹೇಳಿದ್ದು ಇಷ್ಟು. ವರ ಮಣೆಯ ಮೇಲೆ ನಿಂತಿದ್ದ. ಅಮ್ಮ ನೀರು ಹೊಯ್ದಳು. ಅಪ್ಪ ಬಗ್ಗಿ, ವರನ ಸೊಂಟಕ್ಕೆ ಭುಜ ಒರಗಿಸಿ, ಮೀನಖಂಡದಿಂದ ಕೈ ಜಾರಿಸಿ ಹಿಮ್ಮಡಿಯ ಮೇಲೆ ಒತ್ತಿದ. ಪಾಪ, ಲೆಕ್ಕದ ಮೇಷ್ಟ್ರು ತನಗೇ ತಿಳಿಯದೆ ಕಾಲೆತ್ತಿ ಕೊಟ್ಟು, ಬಾಸಿಂಗದ ಸಮೇತ ಪಕ್ಕದಲ್ಲಿ ನಿಂತಿದ್ದ ತನ್ನ ಅಣ್ಣನ ಮೇಲೆ ವಾಲಿದ. ಅಪ್ಪ ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಬಿಡಿಸತೊಡಗಿದ.

"ಕಿರುಬೆರಳ ಸಂದಿ ಬೆಳ್ಳಗಾಗಿದೆಯಲ್ಲ. ಒದ್ದೆ ಸಾಕ್ಸ್ ಹಾಕ್ತೀರೇನು?" ಎಂದಿತು ಸ್ಪೀಕರು.

"ಮಳೆಗಾಲ ಅಲ್ವಾ ಮಾವ, ಬೈಕಲ್ಲಿ ಓಡಾಡ್ತೀನಿ..." ಎಂದಿತು ಇನ್ನೊಂದು ಸಣ್ಣ ದನಿ.

"ಮಳೆಗಾಲ ಬೆಟ್ಟಕ್ಕೂ ಬರುತ್ತೆ. ಪೌಡರ್ ಹಾಕ್ಕೊಬೇಕು. ಒದ್ದೆ ಸಾಕ್ಸ್ ಹಾಕೋನು ತನ್ನ ಕಾಲಿಗೆ ತಾನೇ ಶತ್ರು."

"ಯಜಮಾನ್ರೆ, ಮುಹೂರ್ತ ಮೀರ್ತಾ ಇದೆ. ಶಾಸ್ತ್ರದಲ್ಲಿ ಪಾದ ತೊಳೀರಿ ಅಂತ ಇರೋದು, ವಾಸಿ ಮಾಡಿ ಅಂತಿಲ್ಲ" ಎಂದರು ಪುರೋಹಿತರು.

ಗಂಡಿನ ಕಡೆಯ ಹೆಂಗಸರು ಹುಡುಗನಿಗೆ ಏನೋ ಕಾಯಿಲೆ ಹಚ್ಚಿಬಿಟ್ಟರಲ್ಲ ಎಂದು ಮುಖ ಊದಿಸಿಕೊಂಡರು. ಅಪ್ಪ ಯಾರನ್ನೂ ಲೆಕ್ಕಕ್ಕಿಡದೆ ತನ್ನ ಜರಿ ಶಲ್ಯದಲ್ಲಿ ಪ್ರತಿ ಸಂದಿಯನ್ನೂ ಒರೆಸಿದ. ಕೊನೆಗೆ ಸ್ಪೀಕರುಗಳೆಲ್ಲ ಒಟ್ಟಿಗೆ "ಪಾಸು" ಎಂದವು. ನಾನು ಕೋಣೆಯೊಳಗೆ ಹೊಟ್ಟೆ ಹಿಡಿದುಕೊಂಡು ನಕ್ಕ ನಗುವಿಗೆ ಕಣ್ಣಿಗೆ ಹಚ್ಚಿದ ಕಾಡಿಗೆಯೆಲ್ಲ ಕೆನ್ನೆಗೆ ಇಳಿಯಿತು. ಮದುವೆಯ ಫೋಟೋದಲ್ಲಿ ತವರು ಬಿಟ್ಟು ಹೋಗಲು ಅತ್ತವಳಂತೆ ಕಾಣುತ್ತೇನೆ. ಅದು ಒಳ್ಳೆಯದೇ ಆಯಿತು.

ನನ್ನ ಗಂಡ ಪೌಡರ್ ಹಾಕಿಕೊಳ್ಳಲು ಕಲಿತ. ನಾವು ಶಿವಮೊಗ್ಗದಲ್ಲಿ ಮನೆ ಮಾಡಿದೆವು. ತಮ್ಮ ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕೆ ಸೇರಿ ಅಪ್ಪ ಅಮ್ಮನ ಜೊತೆಯಲ್ಲೇ ಉಳಿದ. ಅಪ್ಪನಿಗೆ ವಯಸ್ಸಾಯಿತು, ಸಕ್ಕರೆ ಕಾಯಿಲೆ ಬಂತು. ಕಾಫಿಗೆ ಸಕ್ಕರೆ ಬಿಟ್ಟ, ಸಾಕ್ಸ್ ಬಿಡಲಿಲ್ಲ.

ಒಂದು ದಿನ ಅಮ್ಮ ಫೋನು ಮಾಡಿದಳು. "ನಿಮ್ಮಪ್ಪ ಸಾಕ್ಸು ತಾವೇ ಒಗೀತಿದಾರೆ ಕಣೇ" ಎಂದಳು. ಬೇರೆ ಮನೆಯಲ್ಲಿ ಗಂಡ ತನ್ನ ಬಟ್ಟೆ ತಾನು ಒಗೆದರೆ ಹೆಂಡತಿ ಖುಷಿಪಡುತ್ತಾಳೆ. ಅಮ್ಮನ ದನಿಯಲ್ಲಿ ಖುಷಿಯಿರಲಿಲ್ಲ. ಹಿತ್ತಲಲ್ಲಿ ಕದ್ದು ಒಗೆಯುತ್ತಿದ್ದಾನಂತೆ. ಒಗೆದ ಮೇಲೂ ಒಂದು ಸಾಕ್ಸಿನ ತುದಿಯಲ್ಲಿ ಕಂದು ಕಲೆ ಇತ್ತಂತೆ. ನಡಿಗೆಯೂ ಸ್ವಲ್ಪ ವಾಲಿದೆಯಂತೆ.

ಮರುದಿನವೇ ಅವನನ್ನು ಶಿವಮೊಗ್ಗಕ್ಕೆ ಕರೆಸಿ ಡಾಕ್ಟರ ಹತ್ತಿರ ಕೂರಿಸಿದೆ. ಡಾಕ್ಟರು ರಕ್ತದ ರಿಪೋರ್ಟು ನೋಡಿ, ಸಾಕ್ಸ್ ಬಿಚ್ಚಿ ಎಂದರು.

"ಸಕ್ಕರೆ ರಕ್ತದಲ್ಲಿದೆ ಡಾಕ್ಟ್ರೆ, ಸಾಕ್ಸಲ್ಲಿಲ್ಲ" ಎಂದ ಅಪ್ಪ. ಅವರು ನರ್ಸನ್ನು ಕರೆಯುವಷ್ಟರಲ್ಲಿ ಎದ್ದು ಹೊರಗೆ ಹೋಗಿ, ಆಟೋ ಹತ್ತಿ, ಬಸ್ ಸ್ಟ್ಯಾಂಡ್ ಸೇರಿ ಭದ್ರಾವತಿಯ ಬಸ್ಸಿನಲ್ಲಿ ಕೂತುಬಿಟ್ಟಿದ್ದ. ನನಗೆ ನಗುವೂ ಬಂತು, ಸಿಟ್ಟೂ ಬಂತು. ಡಾಕ್ಟರು ನಗಲಿಲ್ಲ. "ನೋಡೀಮ್ಮ, ಒಳಗೆ ಹುಣ್ಣಿದೆ, ವಾಸನೆ ಬರ್ತಿದೆ. ಇವರಿಗೆ ಅದರ ನೋವೇ ಗೊತ್ತಾಗ್ತಿಲ್ಲ. ಈ ವಾರ ತೋರಿಸಿದ್ರೆ ಬೆರಳಲ್ಲಿ ಮುಗೀಬಹುದು. ತಡ ಮಾಡಿದ್ರೆ ಪಾದ ತೆಗೀಬೇಕಾಗುತ್ತೆ" ಎಂದರು.

ನಾನು, ನನ್ನ ಗಂಡ ಇಬ್ಬರೂ ಓಲ್ಡ್ ಟೌನಿಗೆ ಹೋಗಿ ಬೀಡುಬಿಟ್ಟೆವು. ತಮ್ಮ ಕೂಗಾಡಿದ. ಅಮ್ಮ ಊಟ ಬಿಡುತ್ತೇನೆಂದು ಹೆದರಿಸಿದಳು, ಅಪ್ಪ ತಾನೂ ಬಿಡುತ್ತೇನೆಂದ. ನನ್ನ ಗಂಡ ಸೋಂಕು ಹೇಗೆ ಏರುತ್ತದೆಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದ. ಅಪ್ಪ ಗೆರೆಯನ್ನು ಮೆಚ್ಚಿದ, ಕಾಲನ್ನು ಮಡಚಿಕೊಂಡ. ಇಬ್ಬರು ಸೇರಿ ಹಿಡಿದು ಬಿಚ್ಚಿಬಿಡೋಣ ಎಂದು ತಮ್ಮ ಹೇಳಿದಾಗ ನನಗೆ ನಿಜಕ್ಕೂ ಭಯವಾಯಿತು. ಎಳೆದರೆ ಒದೆಯುತ್ತಾನೆ, ಅದು ಗೊತ್ತಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ಜೀವಮಾನವಿಡೀ ಯಾರ ಕಾಲನ್ನೂ ಎಳೆಯದ ಮನುಷ್ಯನ ಕಾಲನ್ನು ಹಾಗೆ ಎಳೆಯಲು ನನಗೆ ಮನಸ್ಸು ಬರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದ. ಹಳೆಯ ಸಾಕ್ಸ್ ಹಿಂಡುತ್ತಿದ್ದ, ಕಾಲಲ್ಲಿ ಬೇರೊಂದು ಜೊತೆ ಇತ್ತು. ನಾನು ಬಟ್ಟೆ ಹರವುವವಳಂತೆ ಪಕ್ಕಕ್ಕೆ ಹೋದೆ. ನೀರು ಬಂತಾ, ಪಕ್ಕದ ಮನೆಯವರು ಊರಿಗೆ ಹೋದರಾ ಎಂದು ಏನೇನೋ ಮಾತಾಡಿದೆ. ಮಾತಾಡುತ್ತಲೇ ನನ್ನ ಭುಜವನ್ನು ಅವನ ಭುಜಕ್ಕೆ ಒರಗಿಸಿದೆ. ಅಪ್ಪನ ಭಾರ ಆಚೆ ಕಾಲಿಗೆ ಹೋದದ್ದು ನನಗೆ ತಿಳಿಯಿತು. ಬಗ್ಗಿ, ಮೊಣಕಾಲಿನ ಹಿಂದಿನಿಂದ ಅಂಗೈ ಜಾರಿಸುತ್ತಾ ಬಂದೆ. "ಹೋ ಬೇಟಾ, ಹೋ" ಎಂದೆ. ಹಿಮ್ಮಡಿಯ ಮೇಲೆ ಒತ್ತಿದೆ. ಅಪ್ಪನ ಎಡಗಾಲು ತಾನಾಗಿಯೇ ಮೇಲೆದ್ದು ನನ್ನ ಕೈಯಲ್ಲಿ ಕೂತಿತು.

ತಾನು ಏನು ಕೊಟ್ಟೆ ಎಂದು ಅಪ್ಪನಿಗೆ ಆಮೇಲೆ ಗೊತ್ತಾಯಿತು. ಗೋಡೆ ಹಿಡಿದುಕೊಂಡು ನಿಂತ. ಒದೆಯಲಿಲ್ಲ.

"ಯಾವ ಬಡ್ಡಿಮಗ ಕಲಿಸಿದ್ದು ನಿಂಗೆ ಇದನ್ನ?" ಎಂದ.

"ಮಿಲ್ಟ್ರಿಯವ್ನು ಒಬ್ಬ" ಎಂದೆ.

ಸಾಕ್ಸ್ ಸುರುಳಿ ಮಾಡಿ ಇಳಿಸಿದೆ. ನಕ್ಷೆಯೂ ಇರಲಿಲ್ಲ, ಕರಡಿಯ ಕೂದಲೂ ಇರಲಿಲ್ಲ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಇರಲಿಲ್ಲ. ಆ ಜಾಗದಲ್ಲಿ ಹಳೆಯ ಗಾಯದ ನುಣ್ಣನೆಯ ಚರ್ಮ, ಅದರ ಪಕ್ಕದ ಬೆರಳಿನ ಬುಡದಲ್ಲಿ ಹೊಸ ಹುಣ್ಣು.

ಅಪ್ಪ ಒಗೆಯುವ ಕಲ್ಲಿನ ಮೇಲೆ ಕೂತು ಹೇಳಿದ. ಅಮ್ಮನನ್ನು ಮದುವೆಯಾದ ಮುಂದಿನ ಚಳಿಗಾಲ, ಬೆಟ್ಟದಲ್ಲಿ ಅವನ ಹೇಸರಗತ್ತೆಯ ಕಾಲಿಗೆ ಗಾಯವಾಗಿತ್ತು. ಪಟ್ಟಿ ಮುಗಿದಿತ್ತು. ತನ್ನ ಹತ್ತಿರವಿದ್ದ ಒಣ ಸಾಕ್ಸನ್ನು ಅದರ ಕಾಲಿಗೆ ಸುತ್ತಿ ಕಟ್ಟಿ, ತಾನು ಒದ್ದೆಯದನ್ನೇ ಹಾಕಿಕೊಂಡು ನಡೆದ. ಹಿಮ ಬೆರಳುಗಳನ್ನು ತಿಂದಿತು.

"ಹೇಸರಗತ್ತೆ?" ಎಂದೆ.

"ಅದಕ್ಕೇನಾಗುತ್ತೆ, ವಾಸಿಯಾಯ್ತು. ನಾನು ಆಸ್ಪತ್ರೆಯಿಂದ ಬಂದ ದಿನವೇ ಭುಜ ಕಚ್ತು, ಉಪಕಾರಗೇಡಿ."

"ಇದನ್ನ ಯಾಕಪ್ಪ ಮುಚ್ಚಿಟ್ಟೆ?"

ಅಪ್ಪ ಹಿಂಡಿದ ಸಾಕ್ಸನ್ನೇ ಇನ್ನೊಮ್ಮೆ ಹಿಂಡಿದ. "ಒದ್ದೆ ಸಾಕ್ಸ್ ಹಾಕ್ಬೇಡಿ ಅಂತ ಊರಿಗೆಲ್ಲ ಹೇಳೋನು ನಾನು. ಇದನ್ನ ನೋಡಿದ್ರೆ ನೀವು ನನ್ನ ಮಾತು ಕೇಳ್ತಿದ್ರಾ?" ಎಂದ. ದಿನಾ ನಮ್ಮನ್ನು ಪಾಸು ಫೇಲು ಮಾಡಿದ ಮನುಷ್ಯ ತಾನು ಫೇಲಾದದ್ದನ್ನು ಮಕ್ಕಳಿಂದ ಬಚ್ಚಿಟ್ಟಿದ್ದ. ನನಗೆ ಅವನನ್ನು ತಬ್ಬಿಕೊಳ್ಳಬೇಕು ಎನಿಸಿತು, ಒಂದು ಬಾರಿಸಬೇಕು ಎಂದೂ ಎನಿಸಿತು. ಕೈಯಲ್ಲಿ ಕಾಲಿತ್ತು, ಎರಡೂ ಆಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. "ಬೆರಳಿನ ವಿಷ್ಯ ನಂಗೆ ಗೊತ್ತಿತ್ತು. ಮಕ್ಕಳಿಗೆ ಹೇಳ್ಬೇಡ ಅಂದಿದ್ರು, ಹೇಳ್ಲಿಲ್ಲ. ಹುಣ್ಣನ್ನ ನಂಗೂ ತೋರಿಸ್ಲಿಲ್ಲ ನೋಡು, ಕಳ್ಳ" ಎಂದಳು.

ಇನ್ನೊಂದು ಬೆರಳು ಹೋಯಿತು, ಪಾದ ಉಳಿಯಿತು. ಆಮೇಲೆ ಶುರುವಾಯಿತು ನೋಡಿ ಹೊಸ ಕಾಟ. ಅಷ್ಟು ವರ್ಷ ಮುಚ್ಚಿಟ್ಟವನು ಈಗ ಸಿಕ್ಕಸಿಕ್ಕವರಿಗೆಲ್ಲ ಕಾಲು ತೋರಿಸತೊಡಗಿದ. ಕಾಫಿಗೆ ಬಂದವರು ಲೋಟ ಕೆಳಗಿಡುವ ಮೊದಲೇ ಪಾದ ಎದುರಿಗೆ ಬಂದಿರುತ್ತಿತ್ತು. ದೇವಸ್ಥಾನದ ಒಳಗೆ ಹೋಗಿ ಅರ್ಚಕರಿಗೂ ತೋರಿಸಿ ಬಂದ. ಭಾನುವಾರ ನಾನು ಹೋದರೆ ಹೊಸ್ತಿಲಲ್ಲಿ ಹಾಜರು. ನಾನು ಭುಜ ಒರಗಿಸುತ್ತಿದ್ದೆ, ಅವನು ಕಾಲು ಕೊಡುತ್ತಿದ್ದ, ನಾನು ಸಂದಿಗಳನ್ನು ನೋಡಿ ಪಾಸೋ ಫೇಲೋ ಹೇಳುತ್ತಿದ್ದೆ. ಫೇಲು ಎಂದರೆ ಜಗಳಕ್ಕೆ ಬರುತ್ತಿದ್ದ. ಪಾಸು ಎಂದರೂ ನಾವೆಲ್ಲ ಉಂಡ ಮೇಲೆಯೇ ತಟ್ಟೆಗೆ ಕೂರುತ್ತಿದ್ದ. ಪಾಸಾದವರಿಗೆ ಮೊದಲು ಊಟ ಎಂದು ನೀನೇ ಹೇಳಿದ್ದಲ್ಲವಾ ಎಂದು ಕೇಳಿದರೆ, ಅದು ಪ್ರಾಣಿಗಳಿಗೆ ಎನ್ನುತ್ತಿದ್ದ.

ಕಳೆದ ವರ್ಷ ಒಂದು ದಿನ ಬೆಳ್ಳಂಬೆಳಿಗ್ಗೆ ಹೃದಯ ನಿಂತು ಹೋಗಿಬಿಟ್ಟ. ಕಾಲಿನಿಂದಲ್ಲ, ಅದನ್ನು ಅವನ ಪರವಾಗಿ ಹೇಳಿಬಿಡಬೇಕು. ಹಜಾರದಲ್ಲಿ ಮಲಗಿಸಿದ್ದರು. ಹೆಬ್ಬೆರಳುಗಳನ್ನು ಕಟ್ಟಲು ದಾರ ಹಿಡಿದು ಬಂದ ಹಿರಿಯರನ್ನು ನಾನು ಸ್ವಲ್ಪ ನಿಲ್ಲಿ ಎಂದೆ. ಪಕ್ಕದಲ್ಲಿ ಕೂತು ಅವನ ಭುಜಕ್ಕೆ ನನ್ನ ಭುಜ ತಾಗಿಸಿದೆ. ಮೊಣಕಾಲಿನ ಹಿಂದಿನಿಂದ ಕೈ ಜಾರಿಸಿಕೊಂಡು ಬಂದು ಹಿಮ್ಮಡಿಯ ಮೇಲೆ ಒತ್ತಿದೆ. ಈ ಸಲ ಅಪ್ಪ ಕಾಲು ಕೊಡಲಿಲ್ಲ. ನಾನೇ ಎತ್ತಬೇಕಾಯಿತು. ಉಳಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಪೌಡರ್ ಹಾಕಿಕೊಂಡಿದ್ದ. ತೇವವಿರಲಿಲ್ಲ.

ತಲೆಯ ಹತ್ತಿರ ಕೂತಿದ್ದ ಅಮ್ಮ ಕೇಳಿದಳು, "ಪಾಸಾ?"

"ಪಾಸು" ಎಂದೆ.

"ಹಂಗಾದ್ರೆ ಊಟ ಹಾಕ್ಬೇಕು" ಎಂದು ಅಮ್ಮ ಅಳತೊಡಗಿದಳು.

ಬಾಯಿಗೆ ಅಕ್ಕಿ ಹಾಕುವ ಹೊತ್ತಾಗಿತ್ತು. ಅಮ್ಮ ಹಾಕಿದಳು, ತಮ್ಮ ಹಾಕಿದ, ನಾನು ಹಾಕಿದೆ. ಬೆಳಗಿನಿಂದ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ, ನಮ್ಮಲ್ಲಿ ಯಾರ ಊಟವೂ ಆಗಿರಲಿಲ್ಲ. ನಮಗಿಂತ ಮೊದಲು ಅಪ್ಪ ಉಂಡದ್ದು ಅದೊಂದೇ ಸಲ.